ಮಸ್ಕಿಯಲ್ಲಿ ಗಂಟಿನ ಪಕ್ಕ ನಿಂತದ್ದು

ಜವಳಗೇರಾದಿಂದ ಲಿಂಗಸುಗೂರಿಗೆ ಹೋಗಬೇಕಾಗಿದ್ದದ್ದು ನಾನಲ್ಲ, ಒಂದು ಲಕೋಟೆ. ಆ ವಾರ ಲಕೋಟೆ ತಾನೊಂದೇ ಬಸ್ಸಿನಲ್ಲಿ ಹೋಗಲು ಸರಕಾರ ಬಿಡಲಿಲ್ಲ. ಅದಕ್ಕೆ ನಾನು ಜೊತೆಗೆ ಹೋದೆ. ನಾಟಿಯ ದಿನಗಳು, ಮಳೆ ಬಾರದ ಸೆಕೆ, ಮೊಣಕಾಲು ನೋವು. ಸಂತೋಷದಿಂದ ಹೊರಟೆ ಎಂದು ಬರೆದರೆ ಸುಳ್ಳಾಗುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ಮೊಮ್ಮಗಳು ಮಂಜುಳಾ ಲಿಂಗಸುಗೂರಿನಲ್ಲಿ ತನ್ನ ಸೋದರತ್ತೆಯ, ಎಂದರೆ ನನ್ನ ಮಗಳ ಮನೆಯಲ್ಲಿದ್ದು ಟೈಪಿಂಗ್ ಕಲಿಯುತ್ತಿದ್ದಳು. ಅಲ್ಲಿಯ ಒಂದು ಕಚೇರಿಯಲ್ಲಿ ಬಾಲವಾಡಿ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಗುರುವಾರ ಸಂದರ್ಶನ. ಅಂಕಪಟ್ಟಿ, ಶಾಲೆ ಬಿಟ್ಟ ಪತ್ರ, ಜಾತಿ ಪತ್ರ ಮೂರರದ್ದೂ ಅಸಲು ಪ್ರತಿಯನ್ನು ಅವತ್ತು ಮೂರು ಗಂಟೆಯೊಳಗೆ ತೋರಿಸಬೇಕು, ಇಲ್ಲದಿದ್ದರೆ ಹೆಸರು ಹೊಡೆದು ಹಾಕುತ್ತಾರೆ ಎಂದು ಬುಧವಾರ ಸಂಜೆ ಅಂಚೆ ಕಚೇರಿಗೆ ಫೋನು ಬಂತು. ಅಸಲು ಪ್ರತಿಗಳು ನಮ್ಮ ಮನೆಯ ಟ್ರಂಕಿನಲ್ಲಿ ನನ್ನ ಸೀರೆಗಳ ಕೆಳಗೆ ಇದ್ದವು. ಒಯ್ದು ಇಟ್ಟವಳೂ ನಾನೇ. ಅಲ್ಲಿದ್ದರೆ ಇಲಿ ಕಡಿಯುವುದಿಲ್ಲ ಎಂದು ಇಟ್ಟಿದ್ದೆ.

ಇದೇನು ದೊಡ್ಡ ಸಂಗತಿಯಾಗಿರಲಿಲ್ಲ. ನಮ್ಮ ಕಡೆ ವಸ್ತುಗಳು ಬಸ್ಸಿನಲ್ಲಿ ತಾವೇ ಊರಿಂದೂರಿಗೆ ಹೋಗುತ್ತವೆ. ಪಟ್ಟಣದಲ್ಲಿ ಓದುವ ಮಕ್ಕಳಿಗೆ ರೊಟ್ಟಿಯ ಬುತ್ತಿ, ಬಾಣಂತಿಗೆ ತುಪ್ಪ, ಪಂಪಿನ ಮೋಟರಿನ ಬಿಡಿಭಾಗ ಎಲ್ಲವೂ. ಡ್ರೈವರನ ಹಿಂದೆ ಇಟ್ಟು, "ಅಲ್ಲಿ ನಮ್ಮವರು ಬರ್ತಾರ" ಎಂದರೆ ಮುಗಿಯಿತು. ನನ್ನ ಮಗ, ಮಂಜುಳಾಳ ಅಪ್ಪ ಬಸವರಾಜ ಗುರುವಾರ ಬೆಳಿಗ್ಗೆ ಲಕೋಟೆ ಹಿಡಿದು ರಸ್ತೆಗೆ ಹೋದ. ಅರ್ಧ ತಾಸಿಗೆ ಲಕೋಟೆ ಸಮೇತ ತಿರುಗಿ ಬಂದ.

"ಯಾಕೋ?"

"ಒಯ್ಯಂಗಿಲ್ಲಂತ. ದೂರದ ಬಸ್ಸಿನಾಗ ಮಂದಿಗೆ ಭದ್ರತೆ ಹೆಂಗ ಕೊಡಬೇಕಂತ ಸರಕಾರದವರು ಸಂಶೋಧನೆ ನಡಿಸ್ಯಾರಂತ. ಈ ವಾರ ಸಿಂಧನೂರಿಂದ ಲಿಂಗಸೂರ ದಾರಿ ಮ್ಯಾಲೆ. ವಾರಸುದಾರ ಇಲ್ಲದ ಸಾಮಾನು ಒಂದೂ ಹತ್ತಿಸಿಕೊಳ್ಳಂಗಿಲ್ಲ."

"ಲಕೋಟೆನೂ ಸಾಮಾನೇನು?"

"ಹೂಂ ಅಂತಾನ ಕಂಡಕ್ಟರ."

ಬಸವರಾಜ ಹೋಗುವಂತಿರಲಿಲ್ಲ. ಕಾಲುವೆ ನೀರಿನ ಪಾಳಿ ಅವತ್ತು ನಮ್ಮ ಗದ್ದೆಗೆ ಇತ್ತು. ತಪ್ಪಿದರೆ ಮತ್ತೆ ಎಂಟು ದಿನ. ಸೊಸೆ ನಾಟಿ ಆಳುಗಳಿಗೆ ಅಡಿಗೆಗೆ ನಿಂತಿದ್ದಳು. ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದವಳು ನಾನೊಬ್ಬಳೇ. ಲಕೋಟೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಸೆರಗಿನ ಒಳಗೆ ಸೊಂಟಕ್ಕೆ ಅವುಚಿಕೊಂಡೆ. ಕೈಚೀಲದಲ್ಲಿ ಎರಡು ರೊಟ್ಟಿ, ಒಂದು ಸೀರೆ, ಎಲೆಯಡಿಕೆ ಹಾಕಿಕೊಂಡು ಒಂಬತ್ತರ ಬಸ್ಸು ಹತ್ತಿದೆ.

ಸಿಂಧನೂರು ಮುಟ್ಟಿದಾಗ ಹತ್ತಾಗಿತ್ತು. ದಾರಿಯುದ್ದಕ್ಕೂ ನೀರು ನಿಂತ ಗದ್ದೆಗಳು, ಕೆಸರಿನ ಟ್ರಾಕ್ಟರುಗಳು. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಬಸ್‌ಸ್ಟ್ಯಾಂಡಿನ ತನಕ ಹಾರಿಬಂದು ಚಹಾದ ಕಪ್ಪಿನ ಮೇಲೂ ಕೂರುತ್ತಿತ್ತು. ಬೆಳಗಾವಿ ಕಡೆಗೆ ಹೋಗುವ ದೂರದ ಬಸ್ಸು ಹತ್ತೂವರೆಗೆ. ಲಿಂಗಸುಗೂರಿಗೆ ಒಂಬತ್ತು ರೂಪಾಯಿ. ಹನ್ನೆರಡೂವರೆಗೆಲ್ಲ ಮುಟ್ಟುತ್ತೇನೆ, ಮಂಜುಳಾಳ ಕೈಗೆ ಕಾಗದ ಕೊಟ್ಟು ಮಗಳ ಮನೆಯಲ್ಲಿ ಉಂಡು ಮಲಗುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಬಸ್ಸು ಬಂತು. ಬಂದ ಕೂಡಲೇ ಎಂದಿನಂತೆ ಜನ ಕಿಟಕಿಗಳಿಗೆ ಮುತ್ತಿ ಟವೆಲ್, ಚೀಲ, ಚಪ್ಪಲಿ, ಒಬ್ಬಾಕೆ ತನ್ನ ಕೂಸಿನ ಟೊಪ್ಪಿಗೆಯನ್ನೂ ಒಳಗೆ ಎಸೆದು ಸೀಟು ಹಿಡಿದರು. ನಾನೂ ಎಲೆಯಡಿಕೆ ಚೀಲ ಎಸೆದೆ. ಆಗ ಒಬ್ಬ ಸಾಹೇಬರು ಮುಂದೆ ಬಂದರು. ಮೂವತ್ತೈದರ ಆಸುಪಾಸಿನವರು, ತುಂಬು ತೋಳಿನ ಬಿಳಿ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಕಾಗದದ ಕಟ್ಟು. ಪಕ್ಕದಲ್ಲಿ ಒಬ್ಬ ಪೊಲೀಸ್ ಪೇದೆ. ಬೆಂಗಳೂರಿನ ಕಡೆಯವರೆಂದು ಮಾತಿನಲ್ಲೇ ಗೊತ್ತಾಯಿತು.

"ಯಾರೂ ಹತ್ತಬೇಡಿ. ಒಳಗೆ ಜನ ಇಲ್ಲ, ಆದ್ರೆ ಇಪ್ಪತ್ತೇಳು ವಸ್ತು ಇದೆ. ಇದನ್ನೇ ನಾವು ವಾರಸುದಾರರಿಲ್ಲದ ವಸ್ತು ಅನ್ನೋದು."

ಧೋತರದ ಮುದುಕನೊಬ್ಬ, "ಅದು ನನ್ನ ಟವೆಲ್ರಿ ಸಾಹೇಬ್ರ. ಮೂರನೇ ಕಿಡಕಿ" ಎಂದ.

"ನಿಮ್ಮದು ಅಂತ ನನಗೆ ಹೇಗೆ ಗೊತ್ತಾಗಬೇಕು?"

"ವಾಸನಿ ನೋಡ್ರಿ."

ಸ್ಟ್ಯಾಂಡೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಎಲ್ಲೋ ದೂರದ ಊರಿನಲ್ಲಿ ಯಾರೋ ಬಿಟ್ಟುಹೋದ ಚೀಲವೊಂದು ಬಸ್ಸಿನಲ್ಲಿ ಸಿಡಿದು ಜನ ಸತ್ತದ್ದನ್ನು ಹೇಳಿದರು. ದೂರದ ಬಸ್ಸುಗಳಲ್ಲಿ ನಿದ್ದೆ ಹೋದವರ ಸಾಮಾನು ಕಳುವಾಗುವುದನ್ನು ಹೇಳಿದರು. ಪ್ರತಿ ಗಂಟಿಗೆ ಒಬ್ಬ ಮನುಷ್ಯ, ಪ್ರತಿ ಮನುಷ್ಯನಿಗೆ ಅವನ ಗಂಟು, ಹೀಗೆ ತಾಳೆ ನೋಡಿದರೆ ಬಸ್ಸು ಎಷ್ಟು ತಡವಾಗುತ್ತದೆ, ಜನ ಒಪ್ಪುತ್ತಾರೋ ಇಲ್ಲವೋ ಎಂದು ಮೂರು ದಿನ ಪರೀಕ್ಷೆ ಮಾಡಿ ಸರಕಾರಕ್ಕೆ ವರದಿ ಕೊಡಬೇಕಂತೆ. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಕೇಳಲು ಯಾರಿಗೂ ಪುರಸೊತ್ತು ಇರಲಿಲ್ಲ.

ಇಪ್ಪತ್ತೇಳು ವಸ್ತುಗಳನ್ನೂ ಹೊರಗೆ ಇಳಿಸಿ, ಒಂದೊಂದಾಗಿ ಎತ್ತಿ ಹಿಡಿದು, ಕೂಗಿ ಕರೆದು ಕೊಟ್ಟರು. ಒಂದು ಚಪ್ಪಲಿಗೆ ಇಬ್ಬರು ಜಗಳವಾಡಿದರು. ಹೊರಟಾಗ ಹನ್ನೊಂದೂವರೆ. ಸೀಟು ಹಿಡಿದವರಿಗೆ ಸೀಟು ಸಿಗಲಿಲ್ಲ, ಹಿಡಿಯದವರು ಕೂತರು. ನನಗೆ ಹಿಂದಿನ ಚಕ್ರದ ಮೇಲಿನ ಸೀಟು. ಕಾಲು ಚಾಚಲು ಜಾಗವಿಲ್ಲ.

ಸಾಹೇಬರೂ ಪೇದೆಯೂ ಮುಂದಿನ ಬಾಗಿಲಿನಲ್ಲಿ ಹತ್ತುವ ಹೊತ್ತಿಗೆ, ಅದೇ ಟವೆಲಿನ ಮುದುಕ ಹಿಂದಿನ ಬಾಗಿಲಿನಿಂದ ಒಂದು ಗಂಟನ್ನು ಸೀಟಿನ ಕೆಳಗೆ ನೂಕಿದ. ಕಂಡಕ್ಟರ್ ಅಮರಪ್ಪನಿಗೆ ಏನೋ ಸನ್ನೆ ಮಾಡಿದ. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಇಳಿದುಹೋದ. ಅವನಿಗೆ ಪ್ರಯಾಣವೇ ಇರಲಿಲ್ಲ. ಬಿಳಿ ಬಟ್ಟೆಯಲ್ಲಿ ನಾಲ್ಕು ಮೂಲೆ ಕೂಡಿಸಿ ಕಟ್ಟಿದ ಗಂಟು. ಯಾರದೋ ಬುತ್ತಿ ಎಂದು ನಾನು ತಿಳಿದೆ. ನೋಡಿದವರೆಲ್ಲ ಹಾಗೇ ತಿಳಿದರು, ಯಾರೂ ಬಾಯಿ ಬಿಡಲಿಲ್ಲ.

ನನ್ನ ಪಕ್ಕದಲ್ಲಿ ಕೂತಾಕೆ ಪೇರಲ ಹಣ್ಣಿನ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಲವತ್ತರೊಳಗಿನ ಹೆಂಗಸು. ಹಸಿರು ಸೀರೆ, ಎಲೆ ಹಾಕಿ ಕೆಂಪಾದ ಹಲ್ಲು.

"ಎಲ್ಲಿಗೆ ಹೊಂಟೀಯಬೇ?"

"ಲಿಂಗಸೂರಿಗೆ. ನೀ?"

"ನಾನೂ ಅಲ್ಲಿಗೇ. ಹಣ್ಣು ಮಾರಾಕ. ಈ ಸಾಹೇಬ ಹಿಂಗ ಮಾಡಿದ್ರ ಹಣ್ಣು ಕೊಳೆತ ಮ್ಯಾಲೆ ಮುಟ್ಟತೀನಿ."

ಹೊತ್ತು ಹೋಗಲೆಂದು ನಾನು ಲಕೋಟೆಯ ಕತೆ ಹೇಳಿದೆ. ಒಳಗೆ ಯಾವ ಯಾವ ಕಾಗದ, ಕಚೇರಿ ಎಲ್ಲಿ, ಮೂರು ಗಂಟೆಯ ಗಡುವು, ಮೊಮ್ಮಗಳ ಹೆಸರು ಎಲ್ಲವನ್ನೂ. ಆಕೆ ತನ್ನ ಮಗಳು ಏಳನೆಯದಕ್ಕೇ ಶಾಲೆ ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ ಎಂದಳು. ನನ್ನ ಕೈಗೆ ಒಂದು ಹಣ್ಣು ಇಟ್ಟಳು. ಕಾಯಿಯೇ ಇತ್ತು, ನನ್ನ ಹಲ್ಲಿಗೆ ಆಗಲಿಲ್ಲ. ಮಡಿಲಲ್ಲಿ ಇಟ್ಟುಕೊಂಡೆ.

ಕಾಲುವೆ ಹಿಂದೆ ಉಳಿದಂತೆ ಹಸಿರು ಕಡಿಮೆಯಾಯಿತು. ಕರಿ ಹೊಲ, ಬಂಡೆ, ಜಾಲಿ. ರಸ್ತೆ ಕೆಟ್ಟಿತ್ತು. ಚಕ್ರದ ಮೇಲಿನ ಸೀಟಿನಲ್ಲಿ ಪ್ರತಿ ಗುಂಡಿಯೂ ಬೆನ್ನುಮೂಳೆಗೆ ತಾಗುತ್ತದೆ. ಮಸ್ಕಿಗೆ ಬಂದಾಗ ಹನ್ನೆರಡೂವರೆ. ಇನ್ನು ಒಂದು ತಾಸಿನ ದಾರಿ, ಹೊತ್ತಿದೆ ಎಂದು ಸಮಾಧಾನ ಮಾಡಿಕೊಂಡೆ. ಸಾಹೇಬರು ಎದ್ದು ನಿಂತರು.

"ಎಲ್ಲರೂ ನಿಮ್ಮ ನಿಮ್ಮ ಸಾಮಾನು ತಗೊಂಡು ಕೆಳಗಿಳಿದು, ಅದರ ಪಕ್ಕ ನಿಲ್ಲಿ."

ಬಸ್ಸಿನಲ್ಲಿ ಒಂದು ಸಲ ಉಸಿರು ಬಿಟ್ಟ ಸದ್ದಾಯಿತು, ಅಷ್ಟೆ. ಬೈಯಲೂ ಯಾರಿಗೂ ತ್ರಾಣವಿರಲಿಲ್ಲ. ಸುಡುವ ಬಿಸಿಲಲ್ಲಿ ಸಾಲಾಗಿ ನಿಂತೆವು, ಪ್ರತಿಯೊಬ್ಬರ ಕಾಲ ಬಳಿ ಅವರವರ ಚೀಲ. ಸಾಹೇಬರು ಒಬ್ಬೊಬ್ಬರ ಮುಂದೆ ನಿಂತು, "ಇದು ಯಾರದು? ಒಳಗೆ ಏನಿದೆ?" ಎಂದು ಕೇಳಿ ಗುರುತು ಹಾಕುತ್ತ ಬಂದರು. ಜೋಳ, ಬಟ್ಟೆ, ರೊಟ್ಟಿ, ರೊಟ್ಟಿ, ಔಷಧದ ಡಬ್ಬಿ, ರೊಟ್ಟಿ. ಕೊನೆಗೆ ಪೇದೆ ಖಾಲಿ ಬಸ್ಸಿನೊಳಗೆ ಹೋಗಿ ಆ ಬಿಳಿ ಗಂಟನ್ನು ಹಿಡಿದುಕೊಂಡು ಇಳಿದ. ತೋಳು ದೂರಕ್ಕೆ ಚಾಚಿದ್ದ, ಮುಖ ಬಿಳುಚಿಕೊಂಡಿತ್ತು.

"ಇದು ಯಾರದು?"

ಅಮರಪ್ಪ ಟಿಕೆಟ್ ಪೆಟ್ಟಿಗೆಯನ್ನು ನೋಡುತ್ತಿದ್ದ. ಸಾಹೇಬರು ಎರಡು ಸಲ ಕೇಳಿದರು.

"ವಾರಸುದಾರರು ಸಿಗೋ ತನಕ ಬಸ್ ಹೊರಡಲ್ಲ. ಸಿಗದಿದ್ರೆ ಪರೀಕ್ಷೆ ಮಾಡೋರು ರಾಯಚೂರಿಂದ ಬರಬೇಕು."

ರಾಯಚೂರಿನಿಂದ ಬರುವುದೆಂದರೆ ಸಂಜೆಯಾಗುತ್ತದೆ. ಯಾರದೋ ಮಗನ ರೊಟ್ಟಿಗಾಗಿ ಮಂಜುಳಾಳ ಕೆಲಸ ಹೋಗುತ್ತದೆ. ನಾನು ಬಾಯಿ ತೆರೆದೆ.

"ನಂದ್ರಿ ಅದು."

"ನಿಮ್ಮದಾ? ಆಗಲೇ ಯಾಕೆ ಹೇಳಲಿಲ್ಲ?"

"ಮುದುಕಿ. ಮರತೆ."

"ಏನಿದೆ ಒಳಗೆ?"

"ರೊಟ್ಟಿ, ಶೇಂಗಾದ ಹಿಂಡಿ. ಏನಿರ್ತದರಿ ಮತ್ತ?"

ಅವರು ಪೇದೆಗೆ ಕಣ್ಸನ್ನೆ ಮಾಡಿದರು. ಪೇದೆ ಗಂಟು ಬಿಚ್ಚಿದ. ಒಳಗಿದ್ದದ್ದು ಎರಡು ಹೊಸ ಪ್ಯಾಂಟು, ಒಂದು ಬೂದು ಬಣ್ಣದ ಕೋಟು, ಮೇಲೆ ದರ್ಜಿಯ ಚೀಟಿ. ಯಾರದೋ ಮದುವೆಯ ಬಟ್ಟೆ. ಪೇದೆ ಒಂದು ಪ್ಯಾಂಟನ್ನು ಎತ್ತಿ ಹಿಡಿದ. ಅದು ನನ್ನ ಎತ್ತರಕ್ಕೆ ಇತ್ತು.

ಸಾಲಿನ ಕೊನೆಯಿಂದ ಯಾರೋ, "ಹಾಕ್ಕೊಂಡು ತೋರಸಬೇ ಯವ್ವಾ!" ಎಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು, ಬರಬಾರದ ಹೊತ್ತಿಗೆ.

ಸಾಹೇಬರು ನಗು ನಿಲ್ಲುವವರೆಗೆ ಕಾದು, ಮೆಲ್ಲಗೆ ಕೇಳಿದರು. "ಅಜ್ಜಿ, ಇದರೊಳಗೆ ಬೇರೆ ಏನಾದ್ರೂ ಇದ್ದಿದ್ರೆ? ನಿಮ್ಮ ಮಾತು ನಂಬಿ ನಾನು ಬಸ್ ಬಿಟ್ಟಿದ್ರೆ? ಇಷ್ಟು ಜನ ಇದ್ದಾರೆ."

ನಾನು ಪೇದೆಯ ಕೈಯಿಂದ ಪ್ಯಾಂಟು ಇಸಿದುಕೊಂಡು ಮಡಚತೊಡಗಿದೆ.

ಸುಳ್ಳು ಹೇಳಿ ಗಂಟು ತನ್ನದೆಂದವರನ್ನು ಅವರ ಎಲ್ಲ ಸಾಮಾನಿನೊಂದಿಗೆ ನಿಲ್ಲಿಸಿಕೊಂಡು, ಹೇಳಿಕೆ ಬರೆದು, ಮುಂದಿನ ಬಸ್ಸಿಗೆ ಕಳಿಸಬೇಕೆಂದು ಅವರ ಕಾಗದದಲ್ಲಿತ್ತು. ನಾನು ಕೈ ಮುಗಿದೆ. ಮೂರು ಗಂಟೆಗೆ ಲಿಂಗಸುಗೂರು ಮುಟ್ಟಬೇಕು, ಮೊಮ್ಮಗಳ ಕೆಲಸದ ಪ್ರಶ್ನೆ ಎಂದೆ.

"ಅಜ್ಜಿ, ಈಗಷ್ಟೇ ರೊಟ್ಟಿ ಅಂದ್ರಿ" ಎಂದರು ಅವರು. ತಪ್ಪೇನೂ ಹೇಳಲಿಲ್ಲ. ಮುಂದಿನ ಬಸ್ಸು ಎರಡೂಕಾಲಿಗೆ. ಅದು ಮೂರಕ್ಕೆ ಮೊದಲು ಮುಟ್ಟುವುದಿಲ್ಲ.

ಲಕೋಟೆ ಸೆರಗಿನೊಳಗೇ ಇತ್ತು, ಅವರು ನೋಡಿರಲಿಲ್ಲ. ತೋರಿಸಿದರೆ ಅದನ್ನೂ ಹಿಡಿದು ಇಟ್ಟುಕೊಳ್ಳುತ್ತಾರೆ ಎಂದು ನಾನು ತೋರಿಸಲಿಲ್ಲ. ಅವರು ಪೇದೆಯ ಜೊತೆ ಆ ಕೋಟಿನ ಜೇಬು ತಡಕುತ್ತಿದ್ದಾಗ ಅಮರಪ್ಪನ ಬಳಿ ಹೋದೆ.

"ಇದನ್ನಷ್ಟು ಒಯ್ಯೋ ತಮ್ಮ. ನಿನ್ನ ಗಂಟಿನ ಸಲುವಾಗೇ ನಾ ಸಿಕ್ಕಿ ಬಿದ್ದೀನಿ."

ಅವನ ಕಣ್ಣಲ್ಲಿ ನೀರಿತ್ತು, ಬೆವರೋ ಏನೋ. "ಯವ್ವಾ, ಕಾಲಿಗೆ ಬೀಳ್ತೀನಿ, ಇವತ್ತು ಬ್ಯಾಡ. ನನ್ನ ಚೀಲಾನೂ ತೆಗಿಸಿ ನೋಡ್ಯಾರ. ಇನ್ನೊಂದು ಸಿಕ್ಕರ ನನ್ನ ನೌಕರಿ ಹೋಗತೈತಿ."

ಬೈಯಬೇಕೆಂದಿದ್ದೆ, ಬೈಯಲಿಲ್ಲ. ತಿರುಗಿದಾಗ ಪೇರಲ ಹಣ್ಣಿನಾಕೆ ಕೈ ಚಾಚಿ ನಿಂತಿದ್ದಳು.

"ತಾ ಇಲ್ಲಿ."

"ಮತ್ತ ಎಲ್ಲರನೂ ಕೇಳಿ ಹತ್ತಸ್ತಾನ. ಬುಟ್ಟಿ ತಳದಾಗ ಹಾಕು."

"ತಳದಾಗ ಹಾಕಿದ್ರ ಹಣ್ಣೆಲ್ಲ ಸುರವಿಸ್ತಾನ. ಮ್ಯಾಲೇ ಇಡ್ತೀನಿ. ಕಾಣೋದನ್ನ ಯಾರು ಹುಡುಕ್ತಾರ?"

ನಾನು ಸೆರಗಿನ ಮರೆಯಲ್ಲಿ ಪೇಪರು ತೆಗೆದು ಲಕೋಟೆ ಕೊಟ್ಟೆ. ಆಕೆ ಅದನ್ನು ಹಣ್ಣಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ಸಾಲಿಗೆ ನಿಂತಳು. ಸಾಹೇಬರು ಮತ್ತೆ ಒಂದೊಂದಾಗಿ ಕೇಳಿ ಹತ್ತಿಸತೊಡಗಿದರು. ಸಾಲು ಮುಂದೆ ಸರಿದು ಆಕೆಯ ಸರದಿ ಬಂತು.

"ಬುಟ್ಟಿ ಯಾರದು?"

"ನಂದು. ಪೇರಲ ಹಣ್ಣು."

"ಈ ಲಕೋಟೆ?"

"ಅದೂ ನಂದೇ. ಮಗಳ ಕಾಗದ ಅದಾವ. ಹತ್ತನೇತ್ತದ ಮಾರ್ಕ್ಸ್ ಕಾರ್ಡು, ಟೀಸಿ, ಜಾತಿ ಸರ್ಟಿಫಿಕೇಟು."

ಸಾಹೇಬರು ಲಕೋಟೆಯ ಬಾಯಿ ತೆರೆದು ನೋಡಿದರು. ಮೂರೇ ಇದ್ದವು, ಆಕೆ ಹೇಳಿದ ಮೂರೇ. ಅವರ ಮುಖ ಬೆಳಗಿನಿಂದ ಮೊದಲ ಸಲ ಸಡಿಲಾಯಿತು. ಸಾಲಿನ ಕಡೆಗೆ ತಿರುಗಿ, "ನೋಡಿ, ಈಯಮ್ಮ ಹೇಳಿದ ಹಾಗೆ ಹೇಳ್ಬೇಕು. ತಮ್ಮ ಸಾಮಾನು ತಮಗೆ ಗೊತ್ತಿರಬೇಕು" ಎಂದರು.

ಆಕೆ ನನ್ನ ಕಡೆ ನೋಡದೆ ಹತ್ತಿದಳು. ಒಂದೂಕಾಲಿಗೆ ಬಸ್ಸು ಹೊರಟಿತು. ಆಕೆಯ ಹೆಸರು ಕೇಳಿಲ್ಲ, ಊರು ಕೇಳಿಲ್ಲ ಎಂದು ನೆನಪಾದಾಗ ಬಸ್ಸು ತಿರುವು ದಾಟಿತ್ತು.

ಪೇದೆ ಮದುವೆಯ ಬಟ್ಟೆಗಳನ್ನು ಎತ್ತಿಕೊಂಡು ಠಾಣೆಗೆ ಹೋದ. ಆ ಮದುಮಗ ಮದುವೆಗೆ ಏನು ಹಾಕಿಕೊಂಡನೋ ನನಗೆ ಗೊತ್ತಿಲ್ಲ. ಸಾಹೇಬರೂ ನಾನೂ ಚಹಾದ ಅಂಗಡಿಯ ಮುಂದಿನ ಬೇವಿನ ಮರದ ಕೆಳಗೆ ಕೂತೆವು. ನನ್ನ ಹೇಳಿಕೆ ನಾಲ್ಕು ಸಾಲಿನಲ್ಲಿ ಮುಗಿಯಿತು. ಶರಣಮ್ಮ ಎಂದು ಸಹಿ ಮಾಡಿದೆ. ನಾಲ್ಕನೆಯದರ ತನಕ ಓದಿದ್ದು ಅಷ್ಟಕ್ಕಾದರೂ ಬಂತು. ಅವರು ನನಗೂ ಚಹಾ ಹೇಳಿದರು. ಹೇಳಿಕೆ ಆದ ಮೇಲೆ ಬಸ್ಸಿಗೆ ಹೊತ್ತಿದೆಯಲ್ಲ ಎಂದು ಪ್ರಯಾಣಿಕರನ್ನು ಕೇಳುವ ಪ್ರಶ್ನೆಗಳ ಕಾಗದ ತೆಗೆದರು.

"ದೂರದ ಪ್ರಯಾಣದಲ್ಲಿ ನಿಮಗೆ ಭಯ ಆಗುತ್ತಾ?"

"ಆಗ್ತದ."

"ಯಾವಾಗ?"

"ಈಗ."

ಬರೆದುಕೊಂಡರು. "ಯಾತರ ಭಯ? ಕಳ್ಳತನ, ಅಪಘಾತ, ಇತರೆ ಅಂತ ಇದೆ."

"ಇತರೆ ಹಾಕ್ರಿ."

"ಪರಿಚಯ ಇಲ್ಲದವರು ಕೊಟ್ಟ ಸಾಮಾನು ಒಯ್ತೀರಾ?"

"ಒಯ್ತೀನಿ. ಎಲ್ಲರೂ ಒಯ್ತಾರ."

"ಬಿಚ್ಚಿ ನೋಡ್ತೀರಾ?"

"ಮಂದೀದು ಬಿಚ್ಚೋದು ಚಲೋ ಅಲ್ಲರಿ."

"ನಿಮ್ಮ ಸಾಮಾನನ್ನ ಪರಿಚಯ ಇಲ್ಲದವರ ಕೈಲಿ ಕಳಿಸಿದ್ದೀರಾ? ಕಳಿಸಿದ್ರೆ ಕೊನೇ ಸಲ ಯಾವಾಗ?"

ನಾನು ಚಹಾ ಕುಡಿದೆ. ಬಹಳ ಬಿಸಿಯಿತ್ತು. "ನೆನಪಿಲ್ಲ" ಎಂದೆ. ಅದನ್ನೂ ಬರೆದುಕೊಂಡರು. ಅವತ್ತು ನಾನು ಅವರಿಗೆ ಹೇಳಿದ ಎರಡನೆಯ ಸುಳ್ಳು ಅದು. ಮೊದಲನೆಯದಕ್ಕಿಂತ ಅವರ ಕೆಲಸಕ್ಕೆ ಅದೇ ಹೆಚ್ಚು ಕೇಡು ಮಾಡಿತೆಂದು ನನಗೆ ಗೊತ್ತಿತ್ತು. ಊರಿಂದೂರಿಗೆ ಬಿಸಿಲಲ್ಲಿ ಬಂದು ಜನರ ಜೀವ ಉಳಿಸುವ ದಾರಿ ಹುಡುಕುತ್ತಿದ್ದ ಮನುಷ್ಯ. ನಿಜ ಹೇಳಿದ್ದರೆ ಮುಂದಿನ ಊರಿಗೆ ಫೋನು ಮಾಡಿ ಆಕೆಯನ್ನು ಇಳಿಸುತ್ತಿದ್ದರು. ಹೇಳಲಿಲ್ಲ.

ಕೊನೆಗೆ ಅವರು ಕಾಗದ ಮಡಚಿ, ಇಲ್ಲಿ ಅಶೋಕನ ಬಂಡೆಬರಹ ಇದೆಯಂತಲ್ಲ, ಎಲ್ಲಿ ಎಂದು ಕೇಳಿದರು. ಗುಡ್ಡದ ಕಡೆ ಕೈ ತೋರಿಸಿದೆ. ನೀವು ನೋಡಿದ್ದೀರಾ ಎಂದರು. ಇಲ್ಲ, ಆ ಕಡೆ ನನಗೆ ಕೆಲಸ ಬಿದ್ದಿಲ್ಲ ಎಂದೆ. ಅವರಿಗೂ ಹೋಗಿ ನೋಡುವ ಶಕ್ತಿ ಉಳಿದಿರಲಿಲ್ಲ. ಇಬ್ಬರೂ ಕೂತಲ್ಲೇ ಗುಡ್ಡ ನೋಡಿದೆವು.

ಎರಡೂಕಾಲಿನ ಬಸ್ಸು ಎರಡೂವರೆಗೆ ಬಂತು. ನಿಂತೇ ಹೋದೆ. ಕಂಬಿ ಹಿಡಿದ ಕೈ ಮರಗಟ್ಟಿತು. ದಾರಿಯಲ್ಲಿ ಬಸ್ಸು ನಿಂತ ಪ್ರತಿ ಊರಲ್ಲೂ ಬಗ್ಗಿ ಹೊರಗೆ ನೋಡಿದೆ, ಹಸಿರು ಸೀರೆಯ ಹೆಂಗಸು ಇಲ್ಲೇ ಇಳಿದಿದ್ದಾಳೇನೋ ಎಂದು. ಹಸಿರು ಸೀರೆಯವರು ಎಷ್ಟು ಜನ ಇರುತ್ತಾರೆಂದು ಅವತ್ತು ಗೊತ್ತಾಯಿತು. ಲಿಂಗಸೂರಿಗೆ ಹೋಗುವವಳೆಂದು ಆಕೆಯೇ ಹೇಳಿದ್ದು, ಅದಕ್ಕೆ ಬೇರೆ ಸಾಕ್ಷಿ ಇರಲಿಲ್ಲ. ಪಕ್ಕದಲ್ಲಿ ನಿಂತವನ ಕೈಗಡಿಯಾರದಲ್ಲಿ ಮೂರಾಯಿತು. ಆ ಮೇಲೆ ನೋಡಲಿಲ್ಲ.

ಲಿಂಗಸುಗೂರಿನಲ್ಲಿ ಇಳಿದು ಕಚೇರಿಯ ತನಕ ನಡೆದೆ. ಆಟೋದವನು ಕರೆದ. ಕೂತರೆ ಮತ್ತೆ ಏಳಲಾಗುವುದಿಲ್ಲವೆಂದು ಹತ್ತಲಿಲ್ಲ. ಮಂಜುಳಾ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಲಕೋಟೆ ಇತ್ತು.

"ಒಳಗ ಕರದ್ರೇನು?"

"ಕರದ್ರು. ಕಡೀಗೆ ಕರದ್ರು. ಈಗ ಬಂದೆ."

ನಾನು ಕೆಳಗಿನ ಮೆಟ್ಟಿಲಿಗೆ ಕೂತೆ. ಮಂಜುಳಾ ಬಂದು ನನ್ನನ್ನು ಹಿಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಎದ್ದು ಬಂದು ಎದುರಿಗೆ ನಿಂತಳು.

"ಯಾರಬೇ ಆಕೆ? ಗೇಟಿನಾಗ ನಿಂತು ಮಂಜುಳಾ ಯಾರು ಮಂಜುಳಾ ಯಾರು ಅಂತ ಒದರಾಕತ್ತಿದ್ಲು. ಮೂರಕ್ಕ ಹತ್ತು ನಿಮಿಷ ಇತ್ತು. ಕೈಯಾಗ ಕೊಟ್ಟು, ನಿಮ್ಮ ಅಜ್ಜಿ ಮಸ್ಕ್ಯಾಗ ಪೊಲೀಸರ ಹತ್ತಿರ ಅದಾಳ ಅಂತ ಹೇಳಿ ಹೋಗೇ ಬಿಟ್ಲು."

"ಬಸ್ಸಿನಾಗ ಪಕ್ಕಕ್ಕ ಕುಂತಿದ್ಲು."

"ಹೆಸರು?"

"ಗೊತ್ತಿಲ್ಲ."

"ಗೊತ್ತಿಲ್ಲ?" ಆಕೆಯ ಧ್ವನಿ ಏರಿತು. "ಅಸಲು ಕಾಗದಬೇ ಅವು! ಹೆಸರು ಗೊತ್ತಿಲ್ಲದಾಕಿ ಕೈಯಾಗ ಕೊಟ್ಟಿಯಾ? ಆಕಿ ಎಲ್ಲರ ಇಳದು ಹೋಗಿದ್ರ? ಹಣ್ಣು ಸುತ್ತಾಕ ಹರದಿದ್ರ? ನನ್ನ ಹತ್ತು ವರ್ಷ ಅದರಾಗ ಐತಿ."

"ಹೋಗಲಿಲ್ಲಲ್ಲ. ಮುಟ್ಟಿತಲ್ಲ."

"ಹೋಗಿದ್ರ?"

ಮಸ್ಕಿಯಲ್ಲಿ ಸಾಹೇಬರು ಕೇಳಿದ್ದೂ ಇದೇ. ಅವರಿಗೆ ಕೊಡಲಾಗದ ಜವಾಬನ್ನು ಇವಳಿಗೆ ಎಲ್ಲಿಂದ ತರಲಿ? ಹಸಿವಾಗಿದೆ, ಮನೆಗೆ ನಡಿ ಎಂದೆ. ದಾರಿಯಲ್ಲಿ ಆಕೆ ನನ್ನ ಚೀಲ ಹಿಡಿದುಕೊಂಡು ಎರಡು ಹೆಜ್ಜೆ ಮುಂದೆಯೇ ನಡೆದಳು. ಮಗಳು ಬಿಸಿ ಅನ್ನ, ಪುಂಡಿಪಲ್ಯ ಬಡಿಸಿದಳು. ಉಂಡೆ. ಮಲಗಿದರೂ ನಿದ್ದೆ ಬರಲಿಲ್ಲ. ದಣಿವು ಎಂದು ಮಗಳು ಕಾಲಿಗೆ ಎಣ್ಣೆ ತಿಕ್ಕಿದಳು. ಅದು ಪೂರಾ ದಣಿವಲ್ಲ. ಬಸ್ಸು ತಿರುವು ದಾಟಿದಾಗ ಬರಬೇಕಾಗಿದ್ದ ಹೆದರಿಕೆ ಆಗ ಬಂದಿತ್ತು. ಕೆಲಸ ಮಂಜುಳಾಳಿಗೇ ಆಯಿತು. ಪತ್ರ ಬಂದದ್ದು ತಿಂಗಳ ಮೇಲೆ.

ಮರುದಿನ ಹತ್ತು ಗಂಟೆಯ ಬಸ್ಸಿಗೆ ತಿರುಗಿ ಹೊರಟೆ. ಮೂರು ದಿನದ ಪರೀಕ್ಷೆ ಮುಗಿದಿತ್ತು. ಲಿಂಗಸುಗೂರಿನ ಸ್ಟ್ಯಾಂಡಿನಲ್ಲಿ ರಟ್ಟು ಹಿಡಿದವರು ಯಾರೂ ಇರಲಿಲ್ಲ. ಜನ ಕಿಟಕಿಯೊಳಗೆ ಟವೆಲ್ ಎಸೆಯುತ್ತಿದ್ದರು. ನನಗೆ ಕಿಟಕಿಯ ಸೀಟು ಸಿಕ್ಕಿತು. ಬಸ್ಸು ಬಿಡುವ ಹೊತ್ತಿಗೆ ನನ್ನ ವಯಸ್ಸಿನದೇ ಒಬ್ಬಾಕೆ ಕೆಳಗಿನಿಂದ ಒಂದು ಗಂಟು ಮೇಲೆತ್ತಿದಳು.

"ತಂಗೀ, ಇದನ್ನೀಟು ಹಿಡಕೋ. ಸಿಂಧನೂರಾಗ ನಮ್ಮ ಅಳಿಯ ಬರ್ತಾನ. ಕೆಂಪು ಅಂಗಿ ಹಾಕಿರ್ತಾನ."

ನನ್ನ ಕೈ ಎಂದಿನಂತೆ ಮುಂದೆ ಹೋಯಿತು. ಗಂಟು ಮುಟ್ಟಿದ ಮೇಲೆ ನಿಂತಿತು.

"ಬಿಚ್ಚು" ಎಂದೆ.

"ಏನಂದಿ?"

"ಬಿಚ್ಚಿ ತೋರಸು. ಏನೈತಿ ಒಳಗ?"

ಆಕೆ ನನ್ನನ್ನು ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ಮುಖ ಚಿಕ್ಕದಾಯಿತು. ಗಂಟನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, "ಬ್ಯಾಡ ಬಿಡವ್ವಾ" ಎಂದಳು. ಹಿಂದಿನ ಕಿಟಕಿಗೆ ಹೋಗಿ ಅದೇ ಮಾತು ಹೇಳಿದಳು. ಬಳೆ ತುಂಬಿದ ಒಂದು ಕೈ ಹೊರಗೆ ಬಂದು, ಏನನ್ನೂ ಕೇಳದೆ, ಗಂಟನ್ನು ಒಳಗೆ ತೆಗೆದುಕೊಂಡಿತು.

ಮಸ್ಕಿ ದಾಟಿತು, ಕರಿ ಹೊಲ ದಾಟಿ ಕಾಲುವೆ ಬಂತು. ಹಿಂದಿನ ಸೀಟಿನಲ್ಲಿ ಆ ಗಂಟಿನ ಮೇಲೆ ತಲೆಯಿಟ್ಟು ಯಾರದೋ ಕೂಸು ಮಲಗಿತ್ತು. ಸಿಂಧನೂರಿನಲ್ಲಿ ಕೆಂಪು ಅಂಗಿಯ ಅಳಿಯ ಬಂದ, ಕೂಸಿನ ತಲೆ ಎತ್ತಿ ಗಂಟು ತೆಗೆದುಕೊಂಡ, ಹೋದ. ಅವನು ಜನರಲ್ಲಿ ಮರೆಯಾಗುವ ತನಕ ನಾನು ಬಸ್ಸಿನ ಮೆಟ್ಟಿಲ ಬಳಿ ನಿಂತು ನೋಡಿದೆ. ಹಿಂದಿನವರು ಇಳಿಯಬೇಕು, ಸರಿಯಬೇ ಎಂದರು. ಸರಿದೆ.